ಓದಲು ಬರುವವರಿಗಾಗಿ ಒಂದು ದೇಣಿಗೆ ಮನವಿ

ಕನ್ನಡದ ಬಂಧುಗಳೇ, ನಮಸ್ಕಾರ.

ಧಾರವಾಡದ ನಮ್ಮ ಸಾಹಿತ್ಯ ಸಂಶೋಧನಾ ಗ್ರಂಥಾಲಯಕ್ಕೆ ಈ ವರ್ಷ ನಿಮ್ಮ ದೇಣಿಗೆ ಬೇಕಾಗಿದೆ. ಹೊಸ ಕಟ್ಟಡ ಕಟ್ಟಲು ಕೇಳುತ್ತಿಲ್ಲ. ಕಪಾಟು, ಕಂಪ್ಯೂಟರು ಕೊಳ್ಳಲೂ ಅಲ್ಲ. ಇಲ್ಲಿ ಕೂತು ಓದುವವರಿಗಾಗಿ ಕೇಳುತ್ತಿದ್ದೇವೆ. ದೂರದ ಊರುಗಳಿಂದ ಬರುವ ಸಂಶೋಧಕರ ಊಟ, ವಸತಿಗೆ. ಕನ್ನಡ ಕಲಿಸುವ ಶಿಕ್ಷಕರ ಹಳಗನ್ನಡ ಕಮ್ಮಟಕ್ಕೆ. ಕಾಲೇಜು ಮಕ್ಕಳ ಓದಿನ ಶಿಬಿರಕ್ಕೆ.

ಪುಸ್ತಕ ಕಾಪಾಡುವುದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ತಾಳೆಗರಿಯ ದೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು, ನಿಂಬೆಹುಲ್ಲಿನ ಎಣ್ಣೆ ಸವರಬೇಕು, ಬಟ್ಟೆಯಲ್ಲಿ ಸುತ್ತಿಡಬೇಕು. ನೂರು ವರ್ಷ ಹಳೆಯ ಪತ್ರಿಕೆಗಳಂತೂ ಮಡಿಕೆಯಲ್ಲೇ ಮುರಿಯುತ್ತವೆ. ಇದಕ್ಕೆಲ್ಲ ಕಷ್ಟಪಟ್ಟಾದರೂ ಹಣ ಹೊಂದಿಸಿಕೊಳ್ಳುತ್ತೇವೆ. ನಮ್ಮನ್ನು ಹೆಚ್ಚು ಕಾಡುವ ಚಿಂತೆ ಬೇರೆ. ಇವನ್ನು ಬಿಡಿಸಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ತಾಳೆಗರಿ ಓದುವುದು ಏಕೆ ಕಷ್ಟ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಓಲೆಯಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ. ಪದ್ಯದ ಸಾಲುಗಳೂ ಬೇರೆ ಬೇರೆಯಾಗಿ ಇರುವುದಿಲ್ಲ. ಓಲೆಯ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಅಕ್ಷರ. ಹಳೆಯ ಪ್ರತಿಗಳಲ್ಲಿ ಸಾಮಾನ್ಯವಾಗಿ ಎ ಮತ್ತು ಏ ಒಂದೇ ರೀತಿ ಕಾಣುತ್ತವೆ, ಒ ಮತ್ತು ಓ ಕೂಡ. ದ ಎಂದು ಬರೆದದ್ದು ಧ ಇರಬಹುದು. ಹಾಗಾದರೆ ಹ್ರಸ್ವವೋ ದೀರ್ಘವೋ ಅಂತ ಹೇಗೆ ತಿಳಿಯುವುದು? ಛಂದಸ್ಸು ಹೇಳುತ್ತದೆ. ಅದರ ಎಣಿಕೆಯಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ: ಮೂರು, ನಾಲ್ಕು, ಮೂರು, ನಾಲ್ಕು. ಎಣಿಕೆ ತಪ್ಪಿದರೆ ಓದು ತಪ್ಪಿದೆ ಅಂತಲೇ ಅರ್ಥ. ಅಥವಾ ಲಿಪಿಕಾರ ತಪ್ಪಿರಬೇಕು. ಆಗ ಅದೇ ಕಾವ್ಯದ ಇನ್ನೊಂದು ಪ್ರತಿ ತೆಗೆದು ಪಕ್ಕದಲ್ಲಿ ಇಟ್ಟು ನೋಡಬೇಕು. ಎರಡೂ ಪ್ರತಿಗಳಲ್ಲಿ ಪಾಠ, ಅಂದರೆ ಬರೆದಿರುವ ಪದಗಳು, ಬೇರೆ ಬೇರೆಯಾಗಿ ಸಿಕ್ಕರೆ ಮೂರನೆಯದನ್ನು ಹುಡುಕಬೇಕು. ಹೀಗೆ ಒಂದು ಪದ್ಯಕ್ಕೆ ಒಂದು ಇಡೀ ದಿನ ಹೋಗುವುದುಂಟು. ಈ ವಿದ್ಯೆ ಪುಸ್ತಕ ಓದಿದರೆ ಬರುವುದಿಲ್ಲ. ಬಲ್ಲವರ ಪಕ್ಕ ಕೂತು, ತಿಂಗಳುಗಟ್ಟಲೆ ಓಲೆ ಹಿಡಿದು ಕಲಿಯಬೇಕು.

ಆ ತಿಂಗಳುಗಳಿಗೆ ಹಣ ಯಾರು ಕೊಡುತ್ತಾರೆ? ಪಿಎಚ್.ಡಿ. ಮಾಡುವವರಲ್ಲಿ ಫೆಲೋಶಿಪ್ ಸಿಗದವರೇ ಜಾಸ್ತಿ. ಬೀದರಿನಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಾರೆ. ಎರಡು ದಿನ ಲಾಡ್ಜಿನಲ್ಲಿ ಉಳಿದು, ಕೈಗೆ ಸಿಕ್ಕ ಪುಟಗಳ ಫೋಟೊ ತೆಗೆದುಕೊಂಡು ವಾಪಸ್ ಹೊರಡುತ್ತಾರೆ. ಎರಡು ದಿನಕ್ಕೆ ಆಗುವ ಕೆಲಸವಲ್ಲ ಇದು, ಅವರಿಗೂ ಗೊತ್ತು. ಅದಕ್ಕೇ ಪ್ರತಿ ವರ್ಷ ಕೆಲವು ಸಂಶೋಧಕರನ್ನು ಆರಿಸಿ, ಒಂದರಿಂದ ಮೂರು ತಿಂಗಳು ಇಲ್ಲೇ ಉಳಿದು ಓದುವಂತೆ ಮಾಡಬೇಕು ಎಂದಿದ್ದೇವೆ. ರೂಮು, ಎರಡು ಹೊತ್ತಿನ ಊಟ, ಓಡಾಟದ ಖರ್ಚು, ಪಕ್ಕ ಕೂತು ಕಲಿಸಲು ಒಬ್ಬ ಹಿರಿಯ ವಿದ್ವಾಂಸರು. ಇಷ್ಟೇ.

ತಾಳೆಗರಿಯವರಿಗೆ ಮಾತ್ರ ಅಲ್ಲ ಇದು. ಹಳೆಯ ಪತ್ರಿಕೆಗಳ ಮೇಲೆ ಕೆಲಸ ಮಾಡುವವರಿಗೂ ಇಂಥ ನೆರವು ಬೇಕು. ನಂಜನಗೂಡು ತಿರುಮಲಾಂಬ 1916ರಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು. ಆ ಕಾಲಕ್ಕೆ ಒಬ್ಬ ಹೆಣ್ಣುಮಗಳು ತಾನೇ ಬರೆದು, ತಾನೇ ಪ್ರಕಟಿಸುವುದು ಎಂಥ ಧೈರ್ಯದ ಮಾತು! ಆಮೇಲೆ ದಶಕಗಳ ಕಾಲ ಅವರ ನೆನಪೇ ಇಲ್ಲದಂತಾಯಿತು. ಅವರ ಬರಹ ಮತ್ತೆ ಓದುಗರ ಕಣ್ಣಿಗೆ ಬಿದ್ದದ್ದು ಯಾರೋ ಕೂತು ಹಳೆಯ ಸಂಚಿಕೆಗಳನ್ನು ಹುಡುಕಿದ್ದರಿಂದ. ಆಲೂರು ವೆಂಕಟರಾಯರು ಇದೇ ಧಾರವಾಡದಲ್ಲಿ 1922ರಲ್ಲಿ ಶುರುಮಾಡಿದ ‘ಜಯಕರ್ನಾಟಕ’ ಇದೆಯಲ್ಲ, ಅಂಥ ಪತ್ರಿಕೆಗಳ ಪುಟಗಳಲ್ಲಿ ಇನ್ನೂ ಯಾರೂ ಮುಟ್ಟದ ಕಥೆ, ಕವಿತೆ, ವಾದ ವಿವಾದ ಎಷ್ಟೋ ಇವೆ.

ಈಗ ಶಿಕ್ಷಕರ ವಿಷಯ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ತುರ್ತಿನ ಕೆಲಸ. ಹೈಸ್ಕೂಲು, ಪಿಯುಸಿ ಪಠ್ಯದಲ್ಲಿ ಹಳಗನ್ನಡ, ನಡುಗನ್ನಡ ಪದ್ಯಗಳಿವೆ. ಮಕ್ಕಳು ಅದನ್ನು ಗೈಡಿನ ಸಾರಾಂಶದಿಂದ ಉರು ಹೊಡೆಯುತ್ತಾರೆ. ಶಿಕ್ಷಕರನ್ನು ದೂರಿ ಏನು ಪ್ರಯೋಜನ? ಪದ್ಯವನ್ನು ಗಟ್ಟಿಯಾಗಿ, ಪದ ಒಡೆದು, ಲಯ ಹಿಡಿದು ಓದುವುದನ್ನು ಅವರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ರಜೆಯಲ್ಲಿ ಒಂದು ವಾರ ಅವರನ್ನು ಇಲ್ಲಿಗೆ ಕರೆಸಬೇಕು ಎನ್ನುವುದು ನಮ್ಮ ಆಸೆ. ಬೆಳಗ್ಗೆ ಪಠ್ಯದಲ್ಲಿರುವ ಪದ್ಯಗಳನ್ನೇ ಸಾಲು ಸಾಲಾಗಿ ಓದುವುದು. ಮಧ್ಯಾಹ್ನ ಮೂಲ ಹಸ್ತಪ್ರತಿ ನೋಡುವುದು. ಸಂಜೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು. ಗದುಗಿನ ಭಾರತವನ್ನು ಒಮ್ಮೆ ಒಳ್ಳೆಯ ಗಮಕಿಗಳ ಬಾಯಲ್ಲಿ ಕೇಳಿದ ಶಿಕ್ಷಕರು ಮತ್ತೆ ಗೈಡ್ ಹಿಡಿದು ಪಾಠ ಮಾಡಲಾರರು. ಒಬ್ಬ ಶಿಕ್ಷಕರ ಕೈಯಲ್ಲಿ ವರ್ಷಕ್ಕೆ ಎಷ್ಟು ಮಕ್ಕಳು ಕಲಿಯುತ್ತಾರೆ, ನೀವೇ ಲೆಕ್ಕ ಹಾಕಿ.

ಕಾಲೇಜು ಮಕ್ಕಳಿಗೆ ಎರಡು ದಿನದ ಶಿಬಿರ. ಕನ್ನಡ ಓದುವವರೇ ಆಗಬೇಕಿಲ್ಲ, ವಿಜ್ಞಾನ, ಕಾಮರ್ಸ್ ಮಕ್ಕಳೂ ಬರಬಹುದು. ಶುಲ್ಕ ಇಲ್ಲ.

ಇಂಥ ಕೆಲಸಕ್ಕೆ ನಮ್ಮ ನಾಡಿನಲ್ಲಿ ಜನ ಕೊಡುತ್ತಲೇ ಬಂದಿದ್ದಾರೆ. ಲಕ್ಕುಂಡಿ ಇಲ್ಲಿಂದ ದೂರವೇನಲ್ಲ. ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ 10ನೆಯ ಶತಮಾನದ ಮಾತು ಇದು. ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ದಿನದ ಅನ್ನ! ಇನ್ನು ಇದೇ ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು. ವಿಜಾಪುರದಲ್ಲಿ ವಕೀಲರಾಗಿದ್ದವರು ಊರೂರು ಅಲೆದು ವಚನಗಳ ಓಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ತಂದರು. ಅಚ್ಚಿನ ಮನೆ ಹಾಕಲು ಇದ್ದ ಮನೆಯನ್ನೇ ಮಾರಿದರು. ಮುಂದೆ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು, ಒಟ್ಟು 15. ಈ 70 ವರ್ಷಗಳ ನಡುವೆ ಓಲೆ ಓದಿದವರು, ಪ್ರತಿ ಮಾಡಿದವರು, ಪಾಠ ಹೋಲಿಸಿದವರು ಎಷ್ಟೋ ಜನ. ಮನೆ ಮಾರಿ ಅಂತ ನಾವು ಯಾರನ್ನೂ ಕೇಳುವುದಿಲ್ಲ. ಆದರೆ ಅಂಥವರ ಕೆಲಸ ಮುಂದುವರಿಸಲು ಹೊರಟ ಹುಡುಗ ಹುಡುಗಿಯರು ಬಸ್ ಚಾರ್ಜಿಗೆ, ಊಟಕ್ಕೆ ಯೋಚನೆ ಮಾಡುವಂತಾಗಬಾರದು, ಅಲ್ವಾ?

ಎಷ್ಟು ಕೊಡಬೇಕು ಅಂತ ಕೇಳುವವರಿಗಾಗಿ: 500 ರೂಪಾಯಿಯಲ್ಲಿ ಒಬ್ಬ ವಿದ್ಯಾರ್ಥಿಯ ಶಿಬಿರದ ಊಟ, ತಿಂಡಿ ಆಗುತ್ತದೆ. 5,000 ರೂಪಾಯಿ ಒಬ್ಬ ಶಿಕ್ಷಕರ ಒಂದು ವಾರದ ಕಮ್ಮಟಕ್ಕೆ. 15,000 ರೂಪಾಯಿ ಒಬ್ಬ ಸಂಶೋಧಕರ ಒಂದು ತಿಂಗಳಿಗೆ. ಇದಕ್ಕಿಂತ ಕಡಿಮೆಯಾದರೂ ಸಂತೋಷ. ಗೆಳೆಯರು ನಾಲ್ಕೈದು ಜನ ಸೇರಿ ಒಬ್ಬರ ಖರ್ಚು ನೋಡಿಕೊಳ್ಳಬಹುದು. ತಂದೆ ತಾಯಿಯ ನೆನಪಿಗೆ, ಕನ್ನಡ ಕಲಿಸಿದ ಗುರುಗಳ ಹೆಸರಿನಲ್ಲಿ ಕೊಡಬಹುದು. ಹಣ ಯಾರ ಓದಿಗೆ ಹೋಯಿತು, ಅವರು ಏನು ಕೆಲಸ ಮಾಡಿದರು ಅಂತ ವರ್ಷದ ಕೊನೆಗೆ ನಿಮಗೆ ಪತ್ರ ಬರೆಯುತ್ತೇವೆ.

ಎಲ್ಲ ದೇಣಿಗೆಗೂ ರಸೀದಿ ಇದೆ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಬೇಕಿದ್ದರೆ ಪ್ಯಾನ್ ನಂಬರ್ ಕೊಡಿ. 2,000 ರೂಪಾಯಿಗಿಂತ ಹೆಚ್ಚನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸಿ, ನಗದಾಗಿ ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ರಿಯಾಯಿತಿ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಕಳಿಸುವ ಮೊದಲು ದಯವಿಟ್ಟು ನಮಗೆ ತಿಳಿಸಿ. ಭಾರತದ ಪಾಸ್‌ಪೋರ್ಟ್ ಇರುವವರಿಗೂ ಬೇರೆ ದೇಶದ ಪೌರತ್ವ ಪಡೆದವರಿಗೂ ಕಾನೂನು ಬೇರೆ ಬೇರೆ.

ಹಣ ಕೊಡಲು ಆಗದವರು ಮನೆಯ ಅಟ್ಟ ನೋಡಿ. ಅಜ್ಜನ ಕಾಲದ ಓಲೆಗರಿ, ಕಡತ, ಹಳೆಯ ಪತ್ರಿಕೆ ಸಿಕ್ಕರೆ ರದ್ದಿಗೆ ಹಾಕಬೇಡಿ, ನಮಗೆ ಹೇಳಿ. ಕೊಡಲು ಮನಸ್ಸಿಲ್ಲದಿದ್ದರೆ ಫೋಟೊ ತೆಗೆದುಕೊಂಡು ನಿಮ್ಮದನ್ನು ನಿಮಗೇ ವಾಪಸ್ ಕೊಡುತ್ತೇವೆ.

ಧಾರವಾಡದ ಕಡೆ ಬಂದಾಗ ಗ್ರಂಥಾಲಯಕ್ಕೂ ಬನ್ನಿ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ