ಹಳದಿ ನೀರು

ಶಿಡ್ಲಘಟ್ಟ
ಭಾನುವಾರ ರಾತ್ರಿ

ಪುಟ್ಟೀ,

ಮೂರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ನಿಮ್ಮಮ್ಮ ನನ್ನ ಮುಖವನ್ನೇ ನೋಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ರೂಮಿನಲ್ಲಿ, ನಿಮ್ಮ ಮಾವನ ಎದುರಿಗೆ, "ಇದನ್ನ ಯಾವ ಕಡೆ ಮೇಲೆ ಮಾಡಿ ನೋಡ್ಬೇಕಮ್ಮ?" ಅಂತ ನಕ್ಕೆನಲ್ಲ, ತಪ್ಪಾಯಿತು. ನೀನು ಮಾತಾಡಲಿಲ್ಲ. ಒಂದೊಂದೇ ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಹದಿನೇಳು, ಎಣಿಸಿದೆ. ಹಗಲೆಲ್ಲ ಲೆಹೆಂಗಾ ಡಿಸೈನ್ ಮಾಡುವ ಹುಡುಗಿ ರಾತ್ರಿ ಕೂತು ಇಷ್ಟು ಬಿಡಿಸಿದ್ದಾಳೆ, ಹೆತ್ತವರಿಗೇ ಗೊತ್ತಿಲ್ಲ. ಆ ಸಂಕಟಕ್ಕೇ ನಕ್ಕೆನೋ ಏನೋ.

ಅದರಲ್ಲಿ ಒಂದು ಹಳದಿಯದು. ಅಂಚಿನಲ್ಲಿ ಕಂದು, ನಡುವೆ ಒಂದೇ ಒಂದು ಸಣ್ಣ ಎಳೆ. ಬಸ್ಸು ದೇವನಹಳ್ಳಿ ದಾಟಿದ ಮೇಲೆ ಹೊಳೆಯಿತು, ಅದು ನಮ್ಮ ರೇಷ್ಮೆ ಗೂಡು ಬೇಯಿಸುವ ನೀರು.

ಆಗ ನಿನಗೆ ಆರು ವರ್ಷ. ನಾನು ನೂಲು ಬಿಚ್ಚುತ್ತಿದ್ದೆ. ನಮ್ಮ ಕಡೆಯ ಹಳದಿ ಗೂಡು ಬೆಂದರೆ ಅಂಟಿನ ಜೊತೆ ಬಣ್ಣವೂ ನೀರಿಗೆ ಬಿಡುತ್ತದೆ. ನನ್ನ ಬೆರಳು ಆ ನೀರಲ್ಲಿ ಬೆಂದು ಬೆಂದು ಮರಗಟ್ಟಿದ್ದವು. ನಿನ್ನವು ಅಲ್ಲ. ನೀನು ಕೈ ಅದ್ದಿಬಿಟ್ಟೆ. ಓಡಿ ಬಂದವನು ಮೊದಲು ಕೆನ್ನೆಗೆ ಕೊಟ್ಟೆ, ಆಮೇಲೆ ಕೈ ನೋಡಿದೆ. ಮೂರು ಬೆರಳಿಗೂ ಬೊಬ್ಬೆ. ಯಾಕೆ ಹಾಕಿದೆ ಅಂದರೆ, "ಬಣ್ಣ ಎಷ್ಟು ಆಳ ಇದೆ ಅಂತ ನೋಡ್ದೆ" ಅಂದೆ. ಆಸ್ಪತ್ರೆವರೆಗೂ ಬೈದುಕೊಂಡೇ ಹೋದೆ. ಎಡಗೈ ಅಂತ ನಿಮ್ಮಮ್ಮ ಈಗಲೂ ವಾದಿಸುತ್ತಾಳೆ. ಬಲಗೈ. ನನಗೆ ಗೊತ್ತಿಲ್ವಾ? ಮೊದಲು ಹೊಡೆದೆ, ಆಮೇಲೆ ನೋಡಿದೆ.

ನೀನು ಹೇಳಿದ ಆ ಚಿತ್ರ ಬಿಡಿಸುವವಳು, ಸೋನಿಯಾ ಡೆಲೊನೆ ಬಗ್ಗೆ ಪಕ್ಕದ ಮನೆ ಹುಡುಗನಿಂದ ಮೊಬೈಲಲ್ಲಿ ಓದಿಸಿದೆ. 1911ರಲ್ಲಿ ಪ್ಯಾರಿಸ್ಸಿನಲ್ಲಿ ಎಳೆ ಮಗನಿಗೆ ಅಂತ ಬಟ್ಟೆ ಚೂರು ಸೇರಿಸಿ ಕೌದಿ ಹೊಲಿದಳಂತೆ. ಅವಳ ಚಿತ್ರದ ದಾರಿಯೇ ಅಲ್ಲಿಂದ ಬದಲಾಯಿತಂತೆ. ಆಮೇಲೆ ಉಡುಪನ್ನೂ ಡಿಸೈನ್ ಮಾಡಿದಳಂತೆ. ನಿಮ್ಮಜ್ಜಿಯ ಕೌದಿ ನೋಡಿ ಯಾವ ಕಡೆ ಮೇಲೆ ಅಂತ ನಾನು ಯಾವತ್ತೂ ಕೇಳಲಿಲ್ಲ, ಅಲ್ವಾ?

ಆದರೂ ಒಂದು ಮಾತು. ಕಿಟಕಿ ತೆಗೆದಿಡು. ಟರ್ಪೆಂಟೈನ್ ವಾಸನೆಯಲ್ಲಿ ಮಲಗಬೇಡ. ಬಣ್ಣದ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಕೆಲಸ ಬಿಡುವ ಯೋಚನೆ ಇದ್ದರೆ ಮೊದಲು ಸಾಲ ತೀರಿಸು. ಜನವರಿಯಲ್ಲಿ ಕುಮಾರಕೃಪ ರಸ್ತೆಯ ಚಿತ್ರಸಂತೆಯಲ್ಲಿ ನಾಲ್ಕು ಇಟ್ಟರೆ ಬಣ್ಣದ ಖರ್ಚಾದರೂ... ನೋಡು, ಶುರು ಮಾಡಿಬಿಟ್ಟೆ. ಮಾರಲ್ಲ ಅಂತ ನೀನು ಅವತ್ತೇ ಹೇಳಿದ್ದೆ.

ಹಬ್ಬಕ್ಕೆ ಬಾ. ಹಳದಿಯದನ್ನು ತಾ. ನಡುಮನೆಯಲ್ಲಿ ಮೊಳೆ ಹೊಡೆದಿದ್ದೇನೆ. ಯಾವ ಕಡೆ ಮೇಲೆ ಅಂತ ಹಿಂದೆ ಬರೆದಿರು.

ಇಂತಿ,
ಅಪ್ಪ