ವಾಚ್ ಹಾಕಿದ ಗೆರೆ ಎಲ್ಲರಿಗೂ ಕಾಣಬೇಕಾ?

ಸಂಪಾದಕರಿಗೆ ನಮಸ್ಕಾರ.

ಕೊಡಗಿನಲ್ಲಿ ಈಗ ಬೆಳಿಗ್ಗೆ ವಾಕಿಂಗ್, ರನ್ನಿಂಗ್ ಹೋಗುವ ತುಂಬಾ ಜನರ ಕೈಯಲ್ಲಿ ಫಿಟ್‌ನೆಸ್ ವಾಚ್ ಇದೆ. ಒಳ್ಳೆಯದೇ. ನಾನೂ ಕಟ್ಟುತ್ತೇನೆ. ಆದರೆ ಅದು ಬರೆದಿಟ್ಟು ಆ್ಯಪ್‌ಗೆ ಹಾಕುವ, ನಾವು ಹೋದ ದಾರಿಯ ಮ್ಯಾಪ್ ಯಾರ್ಯಾರಿಗೆ ಕಾಣುತ್ತಿದೆ ಅಂತ ಹೆಚ್ಚಿನವರು ನೋಡುವುದೇ ಇಲ್ಲ.

ವಿರಾಜಪೇಟೆ ಕಡೆ ನಮ್ಮದೊಂದು ಕಾಫಿ ತೋಟ ಇದೆ. ಕಳೆದ ಬೇಸಿಗೆಯಲ್ಲಿ ಹತ್ತಿರದ ಹೋಮ್‌ಸ್ಟೇಗೆ ಬಂದಿದ್ದ ಇಬ್ಬರು ಹುಡುಗರು ಸರಿಯಾಗಿ ಬೆಳಕಾಗುವ ಮೊದಲೇ ಗೇಟು ದಾಟಿ ತೋಟದೊಳಗೆ ಓಡುತ್ತಿದ್ದರು. ನಿಲ್ಲಿಸಿ ಕೇಳಿದೆ. "ಇಲ್ಲಿ ದಾರಿ ಇದೆಯಲ್ಲ ಅಂಕಲ್" ಅಂತ ಒಬ್ಬ ವಾಚ್ ತೋರಿಸಿದ. ಆ ಪುಟ್ಟ ಸ್ಕ್ರೀನ್ ಮೇಲೆ ನಮ್ಮ ತೋಟದ ನಡುವೆ ಒಂದು ಗೆರೆ, ಕೆಲಸಗಾರರ ಲೈನ್‌ಮನೆ ಪಕ್ಕದಿಂದ ಹೊರಟು, ಕೆರೆಯ ನೀರಿನ ಮೇಲೇ ಹಾದು, ಕಾಫಿ ಒಣಗಿಸುವ ಕಣದವರೆಗೆ! ಹಿಂದೆ ಯಾರೋ ಓಡಿ ಎಲ್ಲರಿಗೂ ಕಾಣುವಂತೆ ಹಾಕಿದ್ದ ರೂಟ್ ಅದು. ಹಿಂದಿನ ರಾತ್ರಿ ಅದೇ ಕೆರೆಗೆ ಕಾಡಾನೆ ಬಂದು ಹೋಗಿತ್ತು. ಹಸಿ ಲದ್ದಿ ತೋರಿಸಿದ ಮೇಲೆ ಹುಡುಗರು ಮಾತಿಲ್ಲದೆ ನನ್ನ ಜೊತೆ ಗೇಟಿನವರೆಗೆ ಬಂದರು.

ನೀರಿನ ಮೇಲೆ ಗೆರೆ ಬಂದದ್ದು ಹೇಗೆ? ವಾಚ್‌ಗೆ ದಾರಿ ಯಾವುದು, ಕೆರೆ ಯಾವುದು ಅಂತ ಕಾಣುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ 4ರ ಸಿಗ್ನಲ್ ಹಿಡಿದು, ಅದು ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ದೂರ ಲೆಕ್ಕ ಹಾಕಿ, ನಾವಿರುವ ಜಾಗಕ್ಕೆ ಒಂದು ಚುಕ್ಕಿ ಇಡುತ್ತದೆ. ಒಂದೆರಡು ಸೆಕೆಂಡಿಗೊಂದು ಚುಕ್ಕಿ. ಅವನ್ನೆಲ್ಲ ಸೇರಿಸಿದ್ದೇ ಆ ಗೆರೆ. ಇದಕ್ಕೆ ಮೊಬೈಲ್ ಟವರ್ ಬೇಕಿಲ್ಲ, ಹಾಗಾಗಿ ನೆಟ್‌ವರ್ಕ್ ಸಿಗದ ನಮ್ಮ ಗುಡ್ಡಗಳಲ್ಲೂ ನಡೆಯುತ್ತದೆ, ಇದು ದೊಡ್ಡ ಅನುಕೂಲ. ಆದರೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ದಟ್ಟ ನೆರಳಿನಲ್ಲಿ, ಬೆಟ್ಟದ ಮಗ್ಗುಲಲ್ಲಿ ಸಿಗ್ನಲ್ ಸೊರಗುತ್ತದೆ, ಇಲ್ಲವೇ ಎಲ್ಲೋ ಬಡಿದು ಸುತ್ತಿ ಬರುತ್ತದೆ. ಚುಕ್ಕಿ ಹಲವು ಮೀಟರ್ ಆಚೆ ಬೀಳುತ್ತದೆ. ಉಪಗ್ರಹದ ಸಿಗ್ನಲ್ಲನ್ನು ಎರಡು ಫ್ರೀಕ್ವೆನ್ಸಿಯಲ್ಲಿ ಹಿಡಿಯುವ ದುಬಾರಿ ವಾಚ್‌ನಲ್ಲಿ ಈ ತಪ್ಪು ಕಡಿಮೆ, ಪೂರ್ತಿ ಹೋಗುವುದಿಲ್ಲ.

ಇನ್ನು ಮನೆಯ ವಿಷಯ. ಗೆರೆ ಶುರುವಾಗುವುದು, ಮುಗಿಯುವುದು ಎರಡೂ ನಮ್ಮ ಬಾಗಿಲಲ್ಲಿ, ಜೊತೆಗೆ ಎಷ್ಟು ಗಂಟೆಗೆ ಅನ್ನುವುದೂ ಇರುತ್ತದೆ. ಪೇಟೆಯಲ್ಲಿ ಅಕ್ಕಪಕ್ಕ ಹತ್ತು ಮನೆ ಇರುತ್ತದೆ, ನಮ್ಮಲ್ಲಿ ತೋಟದ ನಡುವೆ ಒಂಟಿ ಮನೆ. ಎಷ್ಟೋ ಕಡೆ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಮಗಳು ದಿನಾ 6 ಗಂಟೆಗೆ ಯಾವ ತಿರುವಿನಲ್ಲಿ ಒಬ್ಬಳೇ ಓಡುತ್ತಾಳೆ ಅಂತ ಗುರುತಿಲ್ಲದವರಿಗೆ ಯಾಕೆ ಗೊತ್ತಾಗಬೇಕು ಹೇಳಿ?

ಓಟ, ಸೈಕ್ಲಿಂಗ್ ಬರೆದಿಡುವ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ತನ್ನ ಬಳಕೆದಾರರ ಗೆರೆಗಳನ್ನು ಸೇರಿಸಿ ಒಂದು ಮ್ಯಾಪ್ ಬಿಟ್ಟಿತು. ಹೆಸರು ಯಾರದ್ದೂ ಇರಲಿಲ್ಲ. ಆದರೂ 2018ರ ಜನವರಿಯಲ್ಲಿ ಜನ ಅದನ್ನು ಹತ್ತಿರದಿಂದ ನೋಡಿದಾಗ ಸಿರಿಯಾ, ಅಫ್ಘಾನಿಸ್ತಾನದ ಸೇನಾ ನೆಲೆಗಳು ಕತ್ತಲಲ್ಲಿ ಹೊಳೆಯುವ ಗೆರೆಗಳಾಗಿ ಕಂಡವು. ಸೈನಿಕರು ಸುಮ್ನೆ ವ್ಯಾಯಾಮ ಮಾಡಿದ್ದರು, ಅಷ್ಟೇ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ನಮ್ಮದು. ರಜೆಗೆ ಬರುವ ಸೈನಿಕರು ಊರೂರಲ್ಲಿ ಇದ್ದಾರೆ. ನಮಗೆ ಇದು ದೂರದ ಸುದ್ದಿ ಅಲ್ಲ.

ವಾಚ್ ಬಿಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ ರೂಟ್ 'ನನಗೆ ಮಾತ್ರ' ಅಂತ ಮಾಡಿ. ಗೆಳೆಯರಿಗೆ ತೋರಿಸಲೇಬೇಕಿದ್ದರೆ ಶುರು ಮತ್ತು ಕೊನೆ ಮುಚ್ಚುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. ಬೇರೆಯವರ ತೋಟದೊಳಗಿನ ಗೆರೆಯನ್ನಂತೂ ದಯವಿಟ್ಟು ಪಬ್ಲಿಕ್ ಮಾಡಬೇಡಿ. ಹೋಮ್‌ಸ್ಟೇ ನಡೆಸುವವರು ರೂಮಿನ ಕೀ ಕೊಡುವಾಗಲೇ ಅತಿಥಿಗಳಿಗೆ ಎರಡು ಮಾತು ಹೇಳಬಹುದು: ಓಡುವುದಾದರೆ ಯಾವ ರಸ್ತೆ, ಎಷ್ಟು ಗಂಟೆ ಮೇಲೆ, ನಿನ್ನೆ ರಾತ್ರಿ ಆನೆ ಯಾವ ಕಡೆ ಇತ್ತು. ನಮ್ಮ ಪಕ್ಕದ ಹೋಮ್‌ಸ್ಟೇಯವರು ಈಗ ಹಾಗೇ ಮಾಡುತ್ತಿದ್ದಾರೆ.

– ಒಬ್ಬ ಬೆಳೆಗಾರ, ವಿರಾಜಪೇಟೆ ತಾಲ್ಲೂಕು