ಹೊಗೆ ಬಂದರೆ ಪಂಪನ್ನೇ ಯಾಕೆ ಬೈಯುತ್ತೀರಿ?

ಮಾನ್ಯ ಸಂಪಾದಕರೇ,

ಹಳೆಯ ಲಾರಿಗಳು ಉಗುಳುವ ಕಪ್ಪುಹೊಗೆಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಬೈಗುಳ ಬೀಳುವುದು ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪಿಗೆ, ಇಲ್ಲವೇ ಡ್ರೈವರನ ಬಲಗಾಲಿಗೆ. ಆದರೆ ಎಂಜಿನ್ ಬದಲಿಸಿದ ಲಾರಿಯಾದರೆ ಮೊದಲು ನೋಡಬೇಕಾದದ್ದು ಗಾಳಿ ಒಳಹೋಗುವ ದಾರಿ: ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡು, ಅದರ ಸಂದಿ ಮುಚ್ಚುವ ಪ್ಯಾಕಿಂಗು, ಅದಕ್ಕೆ ಬಂದು ಸೇರುವ ಹೋಸ್ ಪೈಪುಗಳು. ಹೊಸ ಎಂಜಿನ್ನಿಗೆ ಲಕ್ಷಗಟ್ಟಲೆ ಸುರಿದವರು ಇಲ್ಲಿಗೆ ಬರುವಷ್ಟರಲ್ಲಿ ‘ಹಳೇದನ್ನೇ ಹಾಕಿಬಿಡಿ’ ಅನ್ನುತ್ತಾರೆ. ಕೆಡುವುದು ಅಲ್ಲಿಂದಲೇ.

ಟಾಟಾ 1613ರಂಥ ಲಾರಿಗಳಲ್ಲಿ ಕೂತಿರುವ ಕಮಿನ್ಸ್ 6ಬಿಟಿ ಎಂಜಿನ್ನನ್ನೇ ತೆಗೆದುಕೊಳ್ಳಿ. ಆರು ಸಿಲಿಂಡರು, 5,883 ಸಿಸಿ. ಗುಜರಿಯಿಂದ ಬದಲಿ ಎಂಜಿನ್ ತರುವಾಗ ‘ಸಿಕ್ಸ್ ಬಿಟಿ’ ಅಂದರೆ ಸಾಲದು. ಬರೀ 6ಬಿಟಿ ಅಂದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆ, ಆ ಗಾಳಿ ತಣಿಸುವ ಕೂಲರ್ ಇಲ್ಲ. 6ಬಿಟಿಎ ಅಂದರೆ ಮ್ಯಾನಿಫೋಲ್ಡ್ ಮುಚ್ಚಳದ ಜಾಗದಲ್ಲೇ ನೀರಿನಿಂದ ಗಾಳಿ ತಣಿಸುವ ಕೂಲರ್ ಕೂತಿರುತ್ತದೆ. 6ಬಿಟಿಎಎ ಆದರೆ ಗಾಳಿ ರೇಡಿಯೇಟರಿನ ಮುಂದಿರುವ ಇಂಟರ್‌ಕೂಲರಿಗೆ ಹೋಗಿ ತಣ್ಣಗಾಗಿ ಬರಬೇಕು. ಮೂರಕ್ಕೂ ಮ್ಯಾನಿಫೋಲ್ಡಿನ ಬಾಯಿ ಬೇರೆ, ಪಂಪಿನ ಸೆಟ್ಟಿಂಗೂ ಬೇರೆ. ಗೇರ್ ಹೌಸಿಂಗಿನ ಬದಿಯಲ್ಲಿರುವ ತಗಡನ್ನು ಒರೆಸಿ ಓದಿದರೆ ಯಾವುದೆಂದು ಗೊತ್ತಾಗುತ್ತದೆ. ಜನರೇಟರಿನಿಂದ ಇಳಿಸಿದ ಎಂಜಿನ್ ಆದರೆ ಇನ್ನೊಂದು ತೊಡಕು: ಅದರ ಗವರ್ನರು (ವೇಗ ಹಿಡಿದಿಡುವ ಭಾಗ) ನಿಮಿಷಕ್ಕೆ 1,500 ಸುತ್ತಿಗೆ ಕಟ್ಟಿದ್ದು, ಲಾರಿಗೆ ಆಗಿಬರುವುದಿಲ್ಲ.

ಇಂಟರ್‌ಕೂಲರಿನ ಎಂಜಿನ್ ತಂದು, ಕೂಲರ್ ಇಲ್ಲದ ಲಾರಿಗೆ ಕೂರಿಸಿ, ಟರ್ಬೊದಿಂದ ಮ್ಯಾನಿಫೋಲ್ಡಿಗೆ ನೇರ ಪೈಪ್ ಎಳೆಯುವುದು ಅತಿ ಕೆಟ್ಟ ಅಭ್ಯಾಸ. ಲೋಡಿನಲ್ಲಿ ಟರ್ಬೊ ಒತ್ತಿದ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಗಾಳಿ ತೆಳು, ಪಂಪು ಮಾತ್ರ ತಣ್ಣನೆಯ ದಟ್ಟ ಗಾಳಿಯ ಲೆಕ್ಕಕ್ಕೇ ಡೀಸೆಲ್ ಕೊಡುತ್ತಿರುತ್ತದೆ. ಸುಡದೆ ಉಳಿದದ್ದು ಕಪ್ಪುಹೊಗೆ. ಮುಂದೆ ಕೆಡುವುದು ವಾಲ್ವು, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡು. ಇಂಟರ್‌ಕೂಲರ್ ಕಟ್ಟಿ, ಇಲ್ಲವೇ ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಹಾಕಿಸಿ ಡೀಸೆಲ್ ಇಳಿಸಿ. ಮೂರನೆಯ ದಾರಿ ಇಲ್ಲ.

ಇನ್ನು ಕೆಲಸ. ಈ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಹೆಡ್ಡಿನ ಜೊತೆಗೇ ಎರಕವಾಗಿ ಬಂದಿದೆ. ನಾವು ಬಿಚ್ಚಿ ಹಾಕುವುದು ಅದರ ಮೇಲಿನ ಮುಚ್ಚಳ ಮತ್ತು ಬಾಗಿದ ಬಾಯಿಯನ್ನು. ಪಂಪಿನಿಂದ ಡೀಸೆಲ್ ಒಯ್ಯುವ ನಾಝಲ್ ಪೈಪುಗಳು ಅದರ ಮೇಲೇ ಹಾದುಹೋಗುವುದರಿಂದ ಅವು ಬರದೆ ಮುಚ್ಚಳ ಬರುವುದಿಲ್ಲ. ಬಿಚ್ಚುವ ಮೊದಲೇ ಎಂಜಿನ್ ಮೇಲ್ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆಯಿರಿ. ಬಿಚ್ಚಿದ ಮೇಲೆ ತೊಳೆದರೆ ಕೊಳೆಯೆಲ್ಲ ನೇರ ಪೋರ್ಟಿಗೇ (ಸಿಲಿಂಡರಿಗೆ ಗಾಳಿ ಇಳಿಯುವ ತೂತಿಗೇ) ಇಳಿಯುತ್ತದೆ. ಪೈಪುಗಳ ಎರಡೂ ತುದಿಗೆ, ಪಂಪು ಮತ್ತು ನಾಝಲಿನ ಬಾಯಿಗಳಿಗೆ ಕ್ಯಾಪ್ ಹಾಕಿ. ಪೈಪಿನ ಬ್ರ್ಯಾಕೆಟ್ ಹಿಡಿದಿರುವ ಬೋಲ್ಟುಗಳು ಉದ್ದ, ಉಳಿದವು ಗಿಡ್ಡ. ರಟ್ಟಿನ ಮೇಲೆ ಮುಚ್ಚಳದ ಚಿತ್ರ ಗೀಚಿ, ಬೋಲ್ಟುಗಳನ್ನು ಆಯಾ ಜಾಗಕ್ಕೆ ಚುಚ್ಚಿಡಿ.

ಮುಚ್ಚಳ ಎತ್ತಿದ ಮೇಲೆ ಪೋರ್ಟುಗಳು ಆಕಾಶಕ್ಕೆ ಬಾಯಿ ತೆರೆದು ನಿಲ್ಲುತ್ತವೆ. ಹಳೇ ಪ್ಯಾಕಿಂಗ್ ಹೆರೆಯುವಾಗ ಒಂದು ಚೂರು ಬಿದ್ದರೂ ವಾಲ್ವಿನ ಮೇಲೇ ಕೂರುತ್ತದೆ. ಪ್ರತಿ ಪೋರ್ಟಿಗೂ ನೂಲು ಬಿಡದ ಬಟ್ಟೆ ತುರುಕಿ, ಎಷ್ಟು ತುಂಡು ಹಾಕಿದಿರೆಂದು ಚಾಕ್‌ಪೀಸಿನಲ್ಲಿ ಡೋರಿನ ಮೇಲೆ ಬರೆದಿಡಿ. ತಮಾಷೆಯಲ್ಲ, ಬಟ್ಟೆ ಒಳಗೇ ಉಳಿದು ಸ್ಟಾರ್ಟ್ ಆಗದ ಎಂಜಿನ್ನುಗಳುಂಟು. ಸ್ಕ್ರೇಪರಿನ ಅಂಚಿಗೆ ಗ್ರೀಸ್ ಸವರಿಕೊಂಡರೆ ಚೂರುಗಳು ಅದಕ್ಕೇ ಅಂಟುತ್ತವೆ. ಗ್ರೈಂಡರಿಗೆ ಎಮರಿ ಚಕ್ರ ಹಾಕಿ ಉಜ್ಜುವವರಿದ್ದಾರೆ, ದಯವಿಟ್ಟು ಬೇಡ. ಆ ಪುಡಿ ಒಳಗೆ ಹೋದರೆ ರಿಂಗನ್ನೂ ಬೋರನ್ನೂ ತಿನ್ನುತ್ತದೆ. ಈ ಎಂಜಿನ್ನಿಗೆ ಕಂಪನಿಯಿಂದ ಲೈನರೇ (ಸಿಲಿಂಡರಿನ ಬದಲಿಸಬಹುದಾದ ಒಳಗೊಳವೆ) ಇಲ್ಲ, ಬ್ಲಾಕನ್ನೇ ಬೋರ್ ಮಾಡಿಸಬೇಕಾಗುತ್ತದೆ.

ಮುಚ್ಚಳವನ್ನು ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ. ಕೆಳಗೆ 0.10 ಮಿ.ಮೀ. ಫೀಲರ್ ತಗಡು ನುಗ್ಗಿದರೆ ಫೇಸಿಂಗ್ ಮಾಡಿಸಿ ಮಟ್ಟ ಮಾಡಿಸಿ. ಹೊಸ ಪ್ಯಾಕಿಂಗ್ ಒಣಗಿದ್ದ ಹಾಗೇ ಕೂರಲಿ. ಪೇಸ್ಟ್ ಬಳಿದರೆ ಒಳಗಡೆ ಉಬ್ಬಿದ ಎಳೆ ಹರಿದು ಪೋರ್ಟಿಗೆ ಹೋಗುತ್ತದೆ. ಆದರೆ ಕೆಲವು ಬೋಲ್ಟಿನ ತೂತುಗಳು ಒಳಕ್ಕೆ ಆರುಪಾರಾಗಿವೆ. ಅಂಥ ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಸೀಲೆಂಟ್ ಹಚ್ಚಲೇಬೇಕು, ಇಲ್ಲದಿದ್ದರೆ ಒತ್ತಿದ ಗಾಳಿ ಮರೆಗುಂಟ ಹೊರಬರುತ್ತದೆ. ನಡುವಿನಿಂದ ಹೊರಕ್ಕೆ, ಮೊದಲು 12, ಆಮೇಲೆ 24 ನ್ಯೂಟನ್ ಮೀಟರ್ ಬಿಗಿ. ನಾಝಲ್ ಪೈಪಿನ ನಟ್ಟಿಗೂ 24ರದೇ ಲೆಕ್ಕ. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ‘ಇನ್ನೊಂದ್ಚೂರು’ ಎಂದು ಎಳೆದರೆ ಹೆಡ್ಡಿನ ಮರೆ ಬೋಲ್ಟಿನ ಜೊತೆಗೇ ಬರುತ್ತದೆ.

ಮ್ಯಾನಿಫೋಲ್ಡಿನಿಂದ ಪಂಪಿನ ಗವರ್ನರ್ ಮೇಲಿನ ಡಯಾಫ್ರಮ್ ಡಬ್ಬಿಗೆ ಹೋಗುವ ಸಣ್ಣ ಪೈಪೊಂದಿದೆ. ಟರ್ಬೊ ಎಷ್ಟು ಒತ್ತುತ್ತಿದೆ ಎಂದು ಪಂಪಿಗೆ ತಿಳಿಯುವುದು ಇದರಿಂದಲೇ. ಬದಲಿ ಮುಚ್ಚಳದಲ್ಲಿ ಇದಕ್ಕೆ ಬಾಯಿ ಇಲ್ಲದಿದ್ದರೆ ಕೆಲವರು ಪೈಪನ್ನೇ ಕತ್ತರಿಸಿ ಮಡಚಿಬಿಡುತ್ತಾರೆ. ಆಗ ಲಾರಿಗೆ ಪಿಕಪ್ ಇರುವುದಿಲ್ಲ. ಪಿಕಪ್ ಇಲ್ಲವೆಂದು ಪಂಪಿನ ಸೀಲ್ ಮುರಿದು ಡೀಸೆಲ್ ಏರಿಸುತ್ತಾರೆ. ಆಗ ಹೊಗೆ ಬರುತ್ತದೆ, ಪಂಪಿಗೆ ಬೈಗುಳ ಬೀಳುತ್ತದೆ. ಒಂದು ಬಾಯಿ ಕೊರೆದು ಮರೆ ಹಾಕಿಸಿದ್ದರೆ ಮುಗಿಯುತ್ತಿತ್ತು. (ಕೊರೆಯುವಾಗ ಮುಚ್ಚಳ ಮೇಜಿನ ಮೇಲಿರಲಿ, ಎಂಜಿನ್ ಮೇಲಲ್ಲ.)

ಹಳೇ ಎಂಜಿನ್ ಟರ್ಬೊ ಒಡೆದು ಸತ್ತಿದ್ದರೆ ಅದರ ಎಣ್ಣೆಯೂ ಲೋಹದ ಚೂರೂ ಇಂಟರ್‌ಕೂಲರಿನ ಹೊಟ್ಟೆಯಲ್ಲಿರುತ್ತವೆ. ಬರೀ ಎಣ್ಣೆಯಿದ್ದರೆ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ತೊಳೆದು ಪೂರ್ತಿ ಒಣಗಿಸಬಹುದು. ಚೂರು ಕಂಡರೆ ಕೂಲರನ್ನೇ ಬದಲಿಸಿ. ಉಳಿದ ಎಣ್ಣೆ, ತೊಳೆದ ಸೀಮೆಎಣ್ಣೆ ಏನಿದ್ದರೂ ಎಂಜಿನ್ ಅದನ್ನೇ ಕುಡಿದು ಹುಚ್ಚೆದ್ದು ಓಡುತ್ತದೆ. ಆಗ ಸ್ಟಾಪ್ ಎಳೆದರೂ ನಿಲ್ಲದು, ಏಕೆಂದರೆ ಅದು ಪಂಪಿನ ಡೀಸೆಲ್ಲಿನಲ್ಲಿ ಓಡುತ್ತಿಲ್ಲ. ಮೊದಲ ಸ್ಟಾರ್ಟಿಗೆ ಟರ್ಬೊ ಬಾಯಿ ಮುಚ್ಚುವಷ್ಟು ಅಗಲದ ಗಟ್ಟಿ ಹಲಗೆ ಕೈಯಲ್ಲಿರಲಿ. ಅಂಗೈ ಒಡ್ಡಬೇಡಿ, ಬಟ್ಟೆಯೂ ಬೇಡ, ಎಳೆದುಕೊಳ್ಳುತ್ತದೆ.

ಹೋಸುಗಳಲ್ಲಿ ಟರ್ಬೊದ ಈಚೆ-ಆಚೆ ಒಂದೇ ಅಲ್ಲ. ಟರ್ಬೊಗೆ ಮೊದಲು ಸೋರಿದರೆ ಎಂಜಿನ್ ದೂಳು ಎಳೆಯುತ್ತದೆ, ಶಬ್ದವೂ ಬರುವುದಿಲ್ಲ. ಆಮೇಲೆ ಸೋರಿದರೆ ಗಾಳಿ ಹೊರಗೆ ಹೋಗುತ್ತದೆ, ಲೋಡಿನಲ್ಲಿ ಸಿಳ್ಳೆ ಕೇಳುತ್ತದೆ. ಮೊದಲಿನದು ಹೆಚ್ಚು ಅಪಾಯ. ಪರೀಕ್ಷೆ ಸುಲಭ: ಟರ್ಬೊ ಬಾಯಿ ಮುಚ್ಚಿ 1ರಿಂದ 1.5 ಬಾರ್ ಗಾಳಿ ಬಿಟ್ಟು, ಪ್ರತಿ ಸೇರಿಕೆಗೂ ಸೋಪುನೀರು ಸವರಿ. ಯಾವುದಾದರೂ ವಾಲ್ವ್ ತೆರೆದೇ ಇರುವುದರಿಂದ ಒತ್ತಡ ನಿಧಾನ ಇಳಿಯುತ್ತದೆ, ಗಾಬರಿ ಬೇಡ, ಗುಳ್ಳೆ ನೋಡಿ. ಟರ್ಬೊ ಇಲ್ಲದ ಲಾರಿಗೆ ಟರ್ಬೊ ಎಂಜಿನ್ ಹಾಕಿದ್ದರೆ ಹಳೇ ಏರ್ ಕ್ಲೀನರ್ ಸಾಲದೆ ಹೋಗಬಹುದು. ಗಾಳಿಗೆ ಫಿಲ್ಟರ್ ಒಡ್ಡುವ ಅಡ್ಡಿ ನೀರಿನ ಕಂಬದ ಲೆಕ್ಕದಲ್ಲಿ 635 ಮಿ.ಮೀ. ಮೀರಬಾರದು.

ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸುವುದು ಮಾಲೀಕರ ಕೆಲಸ, ಅದನ್ನು ಬಿಡಬೇಡಿ. ಹೊಗೆ ತಪಾಸಣೆಯವರಿಗೂ ಒಂದು ಮಾತು. ಹಳೆಯ ಲಾರಿಗಳಿಗೆ ನಿಂತಲ್ಲೇ ರೇಸ್ ಮಾಡಿ ಅಳೆಯುವ 65 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಅಳತೆ) ಮಿತಿಯೊಳಗೆ ಪಂಪು ತಗ್ಗಿಸಿ ಯಾರು ಬೇಕಾದರೂ ಪಾಸು ಮಾಡಿಸಬಲ್ಲರು. ಅದೇ ಲಾರಿ ಶಿರಾಡಿ ಘಾಟಿಯಲ್ಲಿ ಎಳೆಯದೆ ನಿಂತಾಗ ಪಂಪು ಮತ್ತೆ ಏರುತ್ತದೆ. ಹೊಗೆ ಜಾಸ್ತಿ ಎಂದು ವಾಪಸು ಕಳಿಸುವಾಗ ‘ಹೋಸು, ಪ್ಯಾಕಿಂಗ್ ನೋಡಿಸಿ’ ಎಂದು ಚೀಟಿಯಲ್ಲಿ ಬರೆದುಕೊಡಿ. ಎಂಜಿನ್ ಮಾರುವವರು ತಗಡಿನ ಮೇಲಿನ ಮಾದರಿಯನ್ನೂ, ಮ್ಯಾನಿಫೋಲ್ಡ್ ಮುಚ್ಚಳ ಜೊತೆಗೆ ಕೊಟ್ಟೆವೋ ಇಲ್ಲವೋ ಎಂಬುದನ್ನೂ ಬಿಲ್ಲಿನಲ್ಲಿ ಕಾಣಿಸಲಿ.

— ಒಬ್ಬ ಲಾರಿ ಮೆಕ್ಯಾನಿಕ್, ಚಿತ್ರದುರ್ಗ